ಪ್ರಮಾಣಪ್ಪನ ಸಾಕ್ಷಿ

ನ್ಯಾಯಾಲಯದಲ್ಲಿ ಸಾಕ್ಷಿಗಳಿಗೆ ಪ್ರಮಾಣವಚನ ಬೋಧಿಸುವ ಮಹಾಕಾರ್ಯ ಆತನದು. ಅದಕ್ಕೇ ವಕೀಲರು ಪ್ರಮಾಣಪ್ಪ ಎಂದು ಹೆಸರಿಟ್ಟಿದ್ದರು. ಸಾಕ್ಷಿ ಕಟಕಟೆ ಹತ್ತಿದೊಡನೆ "ದೇವರೋ, ಆತ್ಮಸಾಕ್ಷಿಯೋ?" ಎಂದು ಕೇಳಿ, ಆರಿಸಿಕೊಂಡದ್ದರ ಮೇಲೆ ಆಣೆ ಹಾಕಿಸುವುದು. ದೇವರ ಹೆಸರಲ್ಲಿ ಹಸಿಹಸಿ ಸುಳ್ಳು ಹೇಳಿದವರನ್ನೂ ಆತ್ಮಸಾಕ್ಷಿಯ ಹೆಸರಲ್ಲಿ ಬಣ್ಣ ಕಟ್ಟಿ ಸುಳ್ಳು ಹೇಳಿದವರನ್ನೂ ಕೇಳಿ ಕೇಳಿ, ಆತನ ಕಿವಿಗೆ ಎರಡೂ ಫ್ಯಾನಿನ ಸದ್ದಾಗಿದ್ದವು. ಎದೆಯೊಳಗೆ ಅವೆರಡೂ ಇರಬೇಕಾದ ಜಾಗವಂತೂ ಹಲ್ಲು ಕೀಳುವ ಮುನ್ನ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಮರಗಟ್ಟಿತ್ತು.

ಮನೆಯಲ್ಲಿ ಮಾತ್ರ ನಿತ್ಯ ಮಹಾಯುದ್ಧ. ದೇವರ ಭಯವಿಲ್ಲದೆ ದೇಶ ನೆಟ್ಟಗಾಗದು ಎಂದು ಅತ್ತೆ. ಮನುಷ್ಯತ್ವವೊಂದೇ ಸಾಕು, ಮೇಲಿನಿಂದ ಪೊಲೀಸರು ಬೇಡ ಎಂದು ಕಾಲೇಜು ಕಲಿಯುವ ಮಗ. ಅಜ್ಜಿ, ಮೊಮ್ಮಗ ಸೇರಿ ದೇಶ ಉದ್ಧಾರ ಮಾಡುವಷ್ಟರಲ್ಲಿ ಊಟ ಆರಿಹೋಗಿರುತ್ತಿತ್ತು.

ಹೀಗಿರುವಾಗ ಹೆಂಡತಿಯ ತಮ್ಮ ವ್ಯಾನನ್ನು ಹಿಂದಕ್ಕೆ ತೆಗೆಯುತ್ತ ಬೀದಿಯ ಹೊಲಿಗೆಯವಳ ಕಾಲಿನ ಮೇಲೆ ಹತ್ತಿಸಿದ. ಅವಳೇ ಜಾರಿ ಬಿದ್ದಳೆಂದು ವಾದ ಹೂಡಿದ. ನೋಡಿದವನು ಪಕ್ಕದ ಸೀಟಿನಲ್ಲಿದ್ದ ಪ್ರಮಾಣಪ್ಪ ಒಬ್ಬನೇ.

"ಅವ್ಳೇ ಬಿದ್ಲು ಅಂದ್ಬಿಡಿ ಅಳಿಯಂದಿರೇ. ದೇವರು ದೊಡ್ಡೋನು, ಕ್ಷಮಿಸ್ತಾನೆ," ಎಂದರು ಅತ್ತೆ.

"ದೇವರ್‍ಯಾಕೆ ಅಪ್ಪಾ? ಆತ್ಮಸಾಕ್ಷಿ ಅಂತ ಹೇಳು. ಮಾವನ ಲೈಸೆನ್ಸ್ ಹೋದ್ರೆ ಮಕ್ಕಳ ಗತಿ? ಇದೂ ಮನುಷ್ಯತ್ವಾನೇ," ಎಂದ ಮಗ.

"ಇವರಿಬ್ರೂ ಒಂದಾಗಿದ್ದು ಇವ್ನು ಹುಟ್ಟಿದಾಗಿಂದ ಇದೇ ಮೊದ್ಲು. ಇನ್ನೇನ್ರೀ ಯೋಚ್ನೆ?" ಎಂದಳು ಹೆಂಡತಿ.

ಆತ ಯೋಚಿಸುತ್ತಿರಲಿಲ್ಲ. ಸುಮ್ಮನೆ ಹೂಂ ಎಂಬಂತೆ ತಲೆಯಾಡಿಸಿದ.

ವಿಚಾರಣೆಯ ದಿನ ಹೆಸರು ಕೂಗಿದಾಗ ಪ್ರಮಾಣಪ್ಪ ಅಭ್ಯಾಸಬಲದಿಂದ ತನ್ನ ಮಾಮೂಲಿ ಜಾಗಕ್ಕೇ ಹೋಗಿ ನಿಂತು, ಖಾಲಿ ಕಟಕಟೆಯನ್ನು "ದೇವರೋ, ಆತ್ಮಸಾಕ್ಷಿಯೋ?" ಎಂದು ಕೇಳಿದ. ಉತ್ತರಕ್ಕೆ ಶ್ರದ್ಧೆಯಿಂದ ಕಾದ. ಸಭೆ ಗೊಳ್ಳೆಂದಿತು.

"ಹತ್ರೀ ಮೇಲೆ, ಇವತ್ತು ಸಾಕ್ಷಿ ನೀವೇ," ಎಂದರು ನ್ಯಾಯಾಧೀಶರು. "ಯಾವುದ್ರ ಮೇಲೆ ಆಣೆ?"

"ಯಾವುದಾದ್ರೂ ನಡೆಯುತ್ತೆ ಸ್ವಾಮಿ."

ಕಟಕಟೆಗೆ ಹೋಗುವ ದಾರಿಗೆ ಅಡ್ಡವಾಗಿ ಹೊಲಿಗೆಯವಳ ಪ್ಲಾಸ್ಟರ್ ಕಾಲು ಚಾಚಿಕೊಂಡಿತ್ತು. ಅವಳು ಹಲ್ಲು ಕಚ್ಚಿ, ಎರಡೂ ಕೈಯಿಂದ ಅದನ್ನು ಎತ್ತಿ ಪಕ್ಕಕ್ಕಿಟ್ಟಳು. "ಈಗ ದಾರಿ ಆಯ್ತಾ ಅಣ್ಣಾ?"

ಕಟಕಟೆ ಏರಿ, ಆಣೆ ಮುಗಿಸಿ, ಆತ ಅದೇ ಫ್ಯಾನಿನ ದನಿಯಲ್ಲಿ ಹೇಳಿದ: "ಅವ್ನು ಹಿಂದೆ ನೋಡ್ಲಿಲ್ಲ. ವ್ಯಾನು ಇವಳ ಕಾಲಿನ ಮೇಲೆ ಹತ್ತಿತು. ನಾನು ನೋಡಿದೆ." ಆಕಾಶದಿಂದ ಹೂ ಉದುರಲಿಲ್ಲ. ಎದೆಯೂ ಎಂದಿನಂತೆ ಜೋಮು ಹಿಡಿದೇ ಇತ್ತು.

ರಾತ್ರಿ, ದೇವರ ಭಯವಿಲ್ಲದ ಪ್ರಾಣಿ ಎಂದರು ಅತ್ತೆ. ಮನುಷ್ಯತ್ವವಿಲ್ಲದ ಪ್ರಾಣಿ ಎಂದ ಮಗ. ಪ್ರಾಣಿ ಎಂಬಲ್ಲಿ ಒಮ್ಮತವಿತ್ತು.

ಹೆಂಡತಿ ಕಣ್ಣೊರೆಸಿಕೊಂಡು ಕೇಳಿದಳು: "ಸ್ವಂತ ಭಾಮೈದನ್ನ ಮುಳುಗಿಸಿದ್ರಲ್ಲಾ, ಅವ್ಳು ನಿಮಗೇನಾಗ್ಬೇಕು?"

ಪ್ರಮಾಣಪ್ಪ ಮೊದಲ ಸಲ ನಿಜವಾಗಿಯೂ ಯೋಚಿಸಿದ.

"ಏನೂ ಆಗ್ಬೇಕಿಲ್ಲ," ಎಂದ. ಯಾರೂ ಬಡಿಸುವಂತೆ ಕಾಣಲಿಲ್ಲ. ತಟ್ಟೆ ತರಲು ತಾನೇ ಎದ್ದ.