ಹುಬ್ಬುಗಳು ರಜೆ ಹಾಕಿದ ಭಾನುವಾರ

ವರ್ಲೀನ್ ಟಗಲ್‌ಗೆ ಖುಷಿಯಾದರೆ ಎದುರಿಗಿದ್ದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅದು ಆಕೆಯ ತಪ್ಪಲ್ಲ, ಆಕೆಯ ಹುಬ್ಬಿನದು. ಯಾವುದಾದರೂ ಮನಸ್ಸಿಗೆ ಹಿಡಿಸಿತೆಂದರೆ ಸಾಕು, ಎರಡು ಹುಬ್ಬೂ ಹತ್ತಿರ ಹತ್ತಿರ ಬಂದು, ನಡುವೆ ಎರಡು ನೆಟ್ಟನೆಯ ಗೆರೆ ಎದ್ದು, ಈಗ ಯಾರಿಗೋ ಗ್ರಹಚಾರ ಬಿಡಿಸುತ್ತಾಳೆ ಎಂಬಂತೆ ಕಾಣುತ್ತಿದ್ದಳು. ಮದುವೆಯ ಫೋಟೋದಲ್ಲೂ ಹಾಗೆಯೇ. ಗಂಡ ಕ್ಲೀಟಸ್ ಬದುಕಿದ್ದ ತನಕ ಬಂದವರಿಗೆಲ್ಲ ಆ ಫೋಟೋ ತೋರಿಸಿ, "ನೋಡಿ, ನನ್ನ ಕಟ್ಕೊಳ್ಳೋಕೆ ಇವಳಿಗೆ ಎಷ್ಟು ಆಸೆ ಇತ್ತು ಅಂತ" ಎಂದು ನಗಿಸುತ್ತಿದ್ದ.

ಪೂರ್ವ ಟೆಕ್ಸಸ್‌ನ ಆ ಸಣ್ಣ ಊರಿನಲ್ಲಿ ಆಕೆ ಶಾಲೆಯ ಹಳದಿ ಬಸ್ಸು ಓಡಿಸಲು ಹಿಡಿದು ಮೂವತ್ತು ವರ್ಷದ ಮೇಲಾಗಿತ್ತು. ಬೆಳಗ್ಗೆ ಹೋಗುವಾಗ ಸೂರ್ಯ ಎದುರಿಗೆ, ಮಧ್ಯಾಹ್ನ ಬರುವಾಗಲೂ ಸೂರ್ಯ ಎದುರಿಗೆ. ದಾರಿ ಗೊತ್ತು ಮಾಡಿದ ಮಹಾಶಯರು ಡ್ರೈವರಮ್ಮನ ಮುಖದ ಬಗ್ಗೆ ಯಾಕೆ ತಲೆ ಕೆಡಿಸಿಕೊಂಡಾರು! ಕಣ್ಣು ಕಿರಿದು ಮಾಡಿ ಮಾಡಿ ಆ ಗೆರೆಗಳು ಅಲ್ಲೇ ಬೀಡು ಬಿಟ್ಟವು. ಹಿಂದೆ ಕೂತ ಮಕ್ಕಳಿಗೆ ಆಕೆಯ ಮುಖ ಪೂರ್ತಿ ಕಾಣುತ್ತಿರಲಿಲ್ಲ. ತಲೆಯ ಮೇಲಿನ ಉದ್ದ ಕನ್ನಡಿಯಲ್ಲಿ ಹಣೆ, ಹುಬ್ಬು, ಕಣ್ಣು, ಇಷ್ಟೇ. ನಾಲ್ಕು ಬೆರಳಗಲದ ವರ್ಲೀನ್. ಅಷ್ಟೇ ಸಾಕಾಗಿತ್ತು, ಬಸ್ಸು ತುಂಬ ಪಿಳ್ಳೆಗಳಿದ್ದರೂ ಸೊಳ್ಳೆ ಹಾರಿದರೆ ಕೇಳಿಸುತ್ತಿತ್ತು. ಮಕ್ಕಳು ಬೆನ್ನ ಹಿಂದೆ 'ಮಿಸ್ ಗುಡುಗು' ಎನ್ನುತ್ತಿದ್ದುದು ಆಕೆಗೂ ಗೊತ್ತಿತ್ತು. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಭಾನುವಾರ ಗೋಶೆನ್ ಚರ್ಚಿನಲ್ಲಿಯೂ ಕೆಲಸಕ್ಕೆ ಬರುತ್ತಿದ್ದುದು ಅದೇ ನಾಲ್ಕು ಬೆರಳಗಲದ ಮುಖ. ಆರ್ಗನ್ ನುಡಿಸುತ್ತಲೇ ಹಾಡುವವರ ತಂಡವನ್ನು ನಡೆಸುವವಳು ಆಕೆ. ಎರಡು ಕೈಯೂ ಕೀಲಿಮಣೆಯ ಮೇಲೆ, ಎರಡು ಕಾಲೂ ಕೆಳಗಿನ ಪೆಡಲುಗಳ ಮೇಲೆ. ಸನ್ನೆ ಮಾಡಲು ಉಳಿದದ್ದು ಹುಬ್ಬು ಮಾತ್ರ. ಎರಡೂ ಮೇಲೆ ಹೋದರೆ ಎಲ್ಲರೂ ದನಿ ಎತ್ತಬೇಕು. ಎಡಗಡೆಯದು ಹೋದರೆ ತಗ್ಗುದನಿಯ ಹೆಂಗಸರು, ಬಲಗಡೆಯದು ಹೋದರೆ ಗಂಡಸರು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಆರ್ಗನ್ನಿನ ಅಂಚಿನಿಂದ ಏಳುವ ಆ ಹುಬ್ಬು ನೋಡಿಯೇ ತಂಡ ಬೆಳೆದು ಬಂದಿತ್ತು.

ಆ ವರ್ಷ ಆಗಸ್ಟ್ ಕೊನೆಯಲ್ಲಿ, ಅಭ್ಯಾಸ ಮುಗಿಸಿ ಕಾರಿನ ಹತ್ತಿರ ಬಂದಾಗ ಓಡೆಸ್ಸಾ ಸುದ್ದಿ ಹೊತ್ತು ಬಂದಳು. ಓಡೆಸ್ಸಾ ಆಕೆಯ ಹಳೆಯ ಗೆಳತಿ, ಊರಿನ ಹೆಂಗಸರ ತಲೆ ಬಾಚಿ ಸಿಂಗರಿಸುವವಳು. ಯಾರ ತಲೆಯೊಳಗೆ ಏನಿದೆ ಎಂಬುದೂ ಅವಳಿಗೇ ಮೊದಲು ಗೊತ್ತಾಗುತ್ತಿತ್ತು.

"ಇಮಾನಿ ತಂಡ ಬಿಡ್ತಾಳಂತೆ ಕಣೇ. ಪಾಸ್ಟರ್ ಹೆಂಡ್ತಿ ಹತ್ರ ಹೇಳಿದ್ಳಂತೆ."

ವರ್ಲೀನ್ ಕಾರಿನ ಬಾಗಿಲಿಗೆ ಹಾಕಿದ ಕೀಲಿಯನ್ನು ಹೊರಗೆಳೆದಳು. ಇಮಾನಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಎಳೆಯ ಹುಡುಗಿ. ಅಕ್ಟೋಬರಿನ ಚರ್ಚಿನ ವಾರ್ಷಿಕೋತ್ಸವಕ್ಕೆ ಒಂಟಿಯಾಗಿ ಹಾಡಬೇಕಾದವಳು ಅವಳೇ. ಅಂಥ ದನಿ ಆ ಚರ್ಚಿಗೆ ಬಂದು ಎಷ್ಟೋ ಕಾಲವಾಗಿತ್ತು.

"ಯಾಕಂತೆ?"

"ನಿನ್ನ ಮೋರೆ ನೋಡಕ್ಕಾಗಲ್ವಂತೆ. ಚಿಕ್ಕೋಳಿದ್ದಾಗ ನಿನ್ನ ಬಸ್ಸಲ್ಲೇ ಬರ್ತಿದ್ಳಲ್ಲ, ಕಿಟಕಿ ಪಕ್ಕ ಕೂತು ಗುನುಗಿದ್ರೆ ಸಾಕು, ನೀನು ಕನ್ನಡೀಲಿ ದುರುಗುಟ್ಕೊಂಡು ನೋಡ್ತಿದ್ದೆಯಂತೆ. ಈಗ ಹಾಡಿದ್ರೂ ಹಂಗೇ ನೋಡ್ತೀಯಂತೆ. 'ಆ ಹೆಂಗಸಿಗೆ ಇವತ್ತಿಗೂ ನನ್ನ ದನಿ ಕಂಡ್ರೆ ಆಗಲ್ಲ, ನಾನ್ಯಾಕೆ ಹಾಡ್ಲಿ' ಅಂದ್ಳಂತೆ."

ಆ ಗುನುಗು ಕೇಳಲೆಂದೇ ವರ್ಲೀನ್ ಬಸ್ಸಿನಲ್ಲಿ ರೇಡಿಯೋ ಹಾಕುತ್ತಿರಲಿಲ್ಲ. ಇಮಾನಿಯ ಮನೆಯ ತಿರುವು ಹತ್ತಿರ ಬಂದಂತೆ ಬಸ್ಸು ನಿಧಾನ ಮಾಡುತ್ತಿದ್ದಳು. ಇಷ್ಟು ವರ್ಷ ಒಂದು ಮಗು ಆಕೆಯ ಪ್ರೀತಿಯನ್ನು ಬೈಗುಳ ಎಂದುಕೊಂಡು ಬೆಳೆದಿತ್ತು.

"ಹೋಗಿ ಹೇಳೇ ಅವಳಿಗೆ, ನಿನ್ನ ಹಾಡು ಇಷ್ಟ ಅಂತ," ಎಂದಳು ಓಡೆಸ್ಸಾ.

"ಹಂಗೆಲ್ಲ ಬಾಯ್ಬಿಟ್ಟು ಹೊಗಳಕ್ಕೆ ನಂಗೆ ಬರಲ್ಲ. ನಮ್ಮಮ್ಮನಿಗೂ ಬರ್ತಿರ್ಲಿಲ್ಲ." ವರ್ಲೀನ್ ಗೆಳತಿಯ ಹಣೆಯನ್ನೇ ನೋಡುತ್ತ ಕೇಳಿದಳು: "ನೀನು ನಂಗಿಂತ ದೊಡ್ಡೋಳು. ನಿನ್ನ ಹಣೆ ಹೆಂಗೆ ಹಿಂಗಿದೆ? ಆಲಿವ್ ಎಣ್ಣೆ ಅಂದಿದ್ದೆ. ನಾನೂ ಒಂದು ಬಾಟ್ಲಿ ಖಾಲಿ ಮಾಡ್ದೆ."

ಓಡೆಸ್ಸಾ ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. "ಎಣ್ಣೆಯಲ್ಲ ಕಣೇ, ಸೂಜಿ. ಸುಕ್ಕು ಸಡಿಲ ಮಾಡೋ ಸೂಜಿ. ಹಣೆಯ ಸ್ನಾಯು ಮಲಗಿಸುತ್ತೆ, ಗೆರೆ ಏಳಲ್ಲ."

"ಸುಳ್ಳಿ."

"ಸುಳ್ಳಿನೇ. ಹಣೆ ನೋಡು ಹೆಂಗಿದೆ." ಆಮೇಲೆ ಕಾರಿಗೆ ಒರಗಿ ನಿಂತು ಪಾಠ ಶುರು ಮಾಡಿದಳು. "ಯಾರದೋ ಮನೆ ಪಾರ್ಟೀಲಿ ಅಗ್ಗ ಅಂತ ಚುಚ್ಚಿಸ್ಕೋಬೇಡ. ನರ್ಸ್ ಲೂಪೆ ಹತ್ರ ಹೋಗು, ಅವಳ ಕೈ ಪಳಗಿದ ಕೈ. ಶನಿವಾರ ಮಾತ್ರ ಹೋಗ್ಬೇಡ. ಮಾರನೇ ದಿನ ಚರ್ಚಿನ ಟೋಪಿ ಹಣೆ ಮೇಲೆ ಒತ್ತುತ್ತೆ, ಚರ್ಚಿನ ಹೆಂಗಸರು, ನಮ್ಮ ಸಿಸ್ಟರ್‌ಗಳೆಲ್ಲ, ಮುಖ ಹಿಡಿದು ಮುತ್ತಿಡ್ತಾರೆ, ಔಷಧಿ ಎಲ್ಲೆಲ್ಲೋ ಹರಿದು ಕಣ್ಣಿನ ರೆಪ್ಪೆ ಜೋತು ಬಿದ್ರೆ ಕಷ್ಟ. ಮಾಡಿಸ್ಕೊಂಡ ಮೇಲೆ ನಾಲ್ಕು ಗಂಟೆ ಮಲಗ್ಬೇಡ, ಉಜ್ಜಬೇಡ. ಮಾರನೇ ದಿನಾನೇ ಕನ್ನಡಿ ಮುಂದೆ ನಿಂತು ಅಳಬೇಡ, ಎರಡು ವಾರ ಬೇಕು ಅದಕ್ಕೆ. ಮತ್ತೆ ಲೂಪೆ ಕೇಳಿದ್ದಕ್ಕೆಲ್ಲ ನಿಜ ಹೇಳು."

ವರ್ಲೀನ್ ಕೊನೆಯದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅಚ್ಚುಕಟ್ಟಾಗಿ ಪಾಲಿಸಿದಳು.

ಲೂಪೆಯ ಕ್ಲಿನಿಕ್ಕು ಡೋನಟ್ ಅಂಗಡಿಯ ಪಕ್ಕದಲ್ಲಿತ್ತು. ಸೆಪ್ಟೆಂಬರಿನ ಮೊದಲ ವಾರ, ಒಂದು ಮಂಗಳವಾರ, ಬಸ್ಸು ನಿಲ್ಲಿಸಿ ಬಂದ ವರ್ಲೀನ್ ಯಾರೂ ನೋಡದಿರಲೆಂದು ಮೊದಲು ಡೋನಟ್ ಅಂಗಡಿಗೆ ಹೋಗಿ, ಒಂದು ಪೊಟ್ಟಣ ಹಿಡಿದು ಹೊರಬಂದು ಆಮೇಲೆ ಒಳಗೆ ಹೊಕ್ಕಳು. ಲೂಪೆ ಕನ್ನಡಿ ಕೈಗೆ ಕೊಟ್ಟು, ನಗಿಸಿ, ಸಿಟ್ಟು ಮಾಡಿಸಿ, ಹುಬ್ಬು ಎತ್ತಿಸಿ ಎಲ್ಲ ನೋಡಿದಳು.

"ಮಿಸ್ ವರ್ಲೀನ್, ನಿಮ್ಮ ಹುಬ್ಬು ಚೆನ್ನಾಗಿ ಆಡುತ್ತೆ. ಕೆಲಸಕ್ಕೆ ಮುಖ ಬೇಕಾ ನಿಮಗೆ? ಪಾಠ ಹೇಳೋದು, ನಾಟಕ, ಹಾಡು, ಅಂಥದ್ದೇನಾದ್ರೂ?"

ಚರ್ಚಿನ ಆರ್ಗನ್ ನುಡಿಸುವವಳು ಸೂಜಿ ಚುಚ್ಚಿಸಿಕೊಂಡಳು ಎಂದು ಊರೆಲ್ಲ ಆಡಿಕೊಂಡರೆ ಎಂಬ ದಿಗಿಲು ಆಕೆಗೆ. "ಏನಿಲ್ಲಮ್ಮ. ಬಸ್ಸು ಓಡಿಸ್ತೀನಿ ಅಷ್ಟೇ."

"ಮೊದಲ ಸಲ ಕಡಿಮೆ ಹಾಕೋಣ. ಸಾಲದಿದ್ರೆ ಆಮೇಲೆ ಸೇರಿಸಬಹುದು, ಹಾಕಿದ್ದನ್ನ ವಾಪಸ್ ತೆಗೆಯಕ್ಕಾಗಲ್ಲ."

"ಹಣೆ ಪೂರ್ತಿ ಮೊಟ್ಟೆ ಥರ ಆಗ್ಬೇಕು," ಎಂದಳು ವರ್ಲೀನ್. ಲೂಪೆ ಇನ್ನೊಂದು ಸಲ ಕೇಳಿದಳು. ಮೊಟ್ಟೆಯೇ ಆಗಬೇಕಿತ್ತು.

ಎರಡನೆಯ ವಾರಕ್ಕೆ ಹಣೆ ಮೊಟ್ಟೆಯೇ ಆಯಿತು. ಕನ್ನಡಿಯ ಮುಂದೆ ನಿಂತರೆ ಮದುವೆಗೆ ಮುಂಚಿನ ವರ್ಲೀನ್. ಆಕೆ ಮನೆಯಲ್ಲಿ ಒಬ್ಬಳೇ ನಕ್ಕಳು. ಬಸ್ಸಿನಲ್ಲಿ ಮಾತ್ರ ರಾಜ್ಯಭಾರ ಕೈತಪ್ಪಿತ್ತು. ಕಾಗದದ ಉಂಡೆ ಎಸೆದ ಒಬ್ಬಳನ್ನು ಕನ್ನಡಿಯಲ್ಲಿ ಕೆಕ್ಕರಿಸಿ ನೋಡಿದರೆ, ಆ ಪೋರಿ ಕೈ ಬೀಸಿ, "ಮಿಸ್ ವರ್ಲೀನ್, ಇವತ್ತು ನಿಮ್ ಹುಟ್ಟುಹಬ್ಬನಾ?" ಎಂದು ಕೇಳಿದಳು.

ನಿಜವಾದ ಕಥೆ ನಡೆದದ್ದು ಆ ಭಾನುವಾರ. ಇಮಾನಿ ಹಿಂದಿನ ಸಾಲಿನಲ್ಲಿ ಅತಿಥಿಯಂತೆ ಕೂತಿದ್ದಳು. ವರ್ಲೀನ್ ಆರ್ಗನ್ ಶುರು ಮಾಡಿ, ತಂಡ ದನಿ ತೆಗೆಯಬೇಕಾದ ಜಾಗ ಬಂದಾಗ ಎರಡು ಹುಬ್ಬನ್ನೂ ಎತ್ತಿದಳು. ಎತ್ತಿದೆನೆಂದು ಆಕೆ ಅಂದುಕೊಂಡಳು. ತಂಡ ಸುಮ್ಮನೆ ನಿಂತಿತ್ತು. ಇನ್ನೊಂದು ಸುತ್ತು ನುಡಿಸಿ ಮತ್ತೆ ಎತ್ತಿದಳು, ಹಣೆ ಮಿಸುಕಲಿಲ್ಲ. ಮೂರನೆಯ ಸುತ್ತಿಗೆ ಗಂಡಸರ ಪೈಕಿ ಚರ್ಚಿನ ಹಿರಿಯ ಡೀಕನ್ ರೂಫಸ್ ತಾಳ್ಮೆಗೆಟ್ಟು ಒಬ್ಬನೇ ದನಿ ತೆಗೆದ. ಅವನ ಹಿಂದೆ ಹೆಂಗಸರು ಬೇರೆ ಸಾಲು ಹಿಡಿದರು, ಇನ್ನುಳಿದವರು ಕೊನೆಯ ಚರಣದಿಂದ ಶುರು ಮಾಡಿದರು. ಸಂತೆಯೂ ಅದಕ್ಕಿಂತ ಶ್ರುತಿಯಲ್ಲಿರುತ್ತದೆ. ಏನಾಗಿದೆ ಎಂದು ತಿಳಿದವಳು ಓಡೆಸ್ಸಾ ಒಬ್ಬಳೇ. ಅವಳು ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಗು ತಡೆಯಲಾರದೆ ಭುಜ ಕುಣಿಸುತ್ತಿದ್ದಳು. ನೋಡಿದವರು ದೇವರ ಆವೇಶವೆಂದು ಬೀಸಣಿಗೆ ಬೀಸಿದರು.

ಸೋಮವಾರ ವರ್ಲೀನ್ ಲೂಪೆಯ ಎದುರು ಕೂತು ಆರ್ಗನ್ನಿನ ವಿಷಯವೆಲ್ಲ ಒಪ್ಪಿಸಿದಳು. ಲೂಪೆ ಸೊಂಟದ ಮೇಲೆ ಕೈಯಿಟ್ಟಳು.

"ಬಸ್ಸು ಓಡಿಸ್ತೀನಿ ಅಷ್ಟೇ ಅಂದ್ರಲ್ಲ. ಇದಕ್ಕೆ ಬಿಚ್ಚೋ ಮದ್ದಿಲ್ಲ. ತಾನಾಗಿ ಇಳಿಯೋವರೆಗೂ ಮೂರು ನಾಲ್ಕು ತಿಂಗಳು ಕಾಯ್ಬೇಕು."

ವಾರ್ಷಿಕೋತ್ಸವಕ್ಕೆ ಉಳಿದದ್ದು ಕೆಲವೇ ವಾರ. ಹಾಡುವ ಹುಡುಗಿಯೂ ಇಲ್ಲ, ಹುಬ್ಬೂ ಇಲ್ಲ. ವರ್ಲೀನ್ ಸೀದಾ ಔಷಧಿ ಅಂಗಡಿಗೆ ಹೋಗಿ ಸಾಲಿನಲ್ಲಿ ನಿಂತಳು. ಆಕೆಯ ಸರದಿ ಬಂದಾಗ ಇಮಾನಿಯ ಮುಖ ಬಿಗಿಯಿತು.

"ಏನ್ ಬೇಕಿತ್ತು, ಮಿಸ್ ವರ್ಲೀನ್?"

"ಒಂದು ಜೊತೆ ಹುಬ್ಬು."

"ಏನಂದ್ರಿ?"

"ನಂದು ರಜೆ ಹಾಕಿದೆ. ಸೂಜಿ ಚುಚ್ಚಿಸ್ಕೊಂಡೆ. ನಿನಗೋಸ್ಕರ ಕಣಮ್ಮ. ನಾನು ಸಿಟ್ಟಲ್ಲಿ ನೋಡ್ತೀನಿ ಅಂದ್ಯಂತಲ್ಲ. ಅದು ಸಿಟ್ಟಲ್ಲ."

"ಮತ್ತೆ?"

"ಕೇಳ್ತಿದ್ದೆ. ಬಸ್ಸಲ್ಲೂ ಕೇಳ್ತಿದ್ದೆ. ಇಷ್ಟ ಆದಾಗ ನನ್ನ ಮೋರೆ ಹಂಗಾಗುತ್ತೆ. ಬೇಕಾದ್ರೆ ನನ್ನ ಮದುವೆ ಫೋಟೋ ತೋರಿಸ್ತೀನಿ."

ಇಮಾನಿ ಮುಂದೆ ಬಾಗಿ ಆ ಹಣೆಯನ್ನು ನೋಡಿದಳು. "ಎಲ್ಲಿ, ಸಿಟ್ಟು ಮಾಡಿ ನೋಡೋಣ." ವರ್ಲೀನ್ ಇದ್ದಬದ್ದ ಬಲವೆಲ್ಲ ಹಾಕಿದಳು. ಕಿವಿ ಅಲುಗಿತು, ಮೂಗಿನ ಹೊಳ್ಳೆ ಅರಳಿತು, ಹಣೆ ಮಾತ್ರ ತಣ್ಣಗೆ ಕೂತಿತ್ತು. ಹುಡುಗಿ ಕೌಂಟರಿನ ಮೇಲೆ ತಲೆಯಿಟ್ಟು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಸಾಲಿನ ಹಿಂದಿನಿಂದ ಕೆಮ್ಮಿನ ಔಷಧಿಗೆ ಬಂದಿದ್ದ ಮುದುಕನೊಬ್ಬ, "ಆಮೇಲೆ ನಗ್ರಮ್ಮ, ನಂಗೆ ಹೊತ್ತಾಗುತ್ತೆ" ಎಂದ.

ವಾರ್ಷಿಕೋತ್ಸವದ ದಿನ ಇಮಾನಿ ಆರ್ಗನ್ನಿನ ಪಕ್ಕದಲ್ಲೇ ನಿಂತಳು. ವರ್ಲೀನ್ ಮೆಲ್ಲಗೆ "ಎಡ" ಎಂದರೆ ಅವಳ ಎಡಹುಬ್ಬು ಏಳುತ್ತಿತ್ತು, "ಬಲ" ಎಂದರೆ ಬಲ. ತಂಡ ನೂಲು ಹಿಡಿದಂತೆ ನಡೆಯಿತು. ಕೊನೆಗೆ ಒಂಟಿಯಾಗಿ ಹಾಡುವ ಅವಳ ಸರದಿ ಬಂತು. ಚರ್ಚು ತುಂಬ ಜನ, ದೊಡ್ಡ ದೊಡ್ಡ ಟೋಪಿಗಳು, ಅಡುಗೆ ಮನೆಯಿಂದ ಹುರಿದ ಕೋಳಿಯ ಘಮ. ಆ ಹುಡುಗಿ ಕಣ್ಣು ಮುಚ್ಚಿ ಹಾಡಿದಳು. ಬಸ್ಸಿನ ಕಿಟಕಿಯ ಪಕ್ಕದ ಆ ಗುನುಗೇ ಬೆಳೆದು ದೊಡ್ಡದಾಗಿ ಛಾವಣಿ ಮುಟ್ಟಿತು. ಹುಬ್ಬುಗಳು ಹಳೆಯ ಜಾಗಕ್ಕೆ ಬರಲು ಒಳಗೊಳಗೇ ಒದ್ದಾಡುತ್ತಿದ್ದುದು ವರ್ಲೀನ್‌ಗೆ ಗೊತ್ತಾಗುತ್ತಿತ್ತು.

ಹಾಡು ಮುಗಿಸಿದ ಇಮಾನಿ ಮೊದಲು ತಿರುಗಿ ನೋಡಿದ್ದು ಆಕೆಯನ್ನೇ. ಹಣೆ ನುಣ್ಣಗೆ, ಖಾಲಿ. ಹುಡುಗಿಯ ಮುಖ ಸಪ್ಪಗಾಯಿತು. ಹತ್ತಿರ ಬಂದು ಪಿಸುಗುಟ್ಟಿದಳು: "ಚೆನ್ನಾಗಿ ಬರ್ಲಿಲ್ವಾ?"

ವರ್ಲೀನ್ ಸೂಜಿ ಚುಚ್ಚಿಸಿಕೊಂಡದ್ದು ಆ ಕ್ಷಣ ನೆನಪಿಗೆ ಬಾರದಷ್ಟು ಇಮಾನಿಗೆ ಆ ಗೆರೆ ಬೇಕಾಗಿತ್ತು. ವರ್ಲೀನ್‌ಗೆ ಅಡಗಲು ಜಾಗವಿರಲಿಲ್ಲ. ಅರವತ್ತು ದಾಟಿದ ಬಾಯಿ ಮೊದಲ ಸಲ ಹೊಗಳುವ ಕೆಲಸಕ್ಕೆ ತೆರೆಯಿತು.

"ನನ್ನ ಕಂದಾ, ನನ್ನ ಜೀವ ತಣ್ಣಗೆ ಮಾಡ್ಬಿಟ್ಟೆ. ನೀನು ಬಸ್ಸಲ್ಲಿ ಗುನುಗ್ತಿದ್ದೆಯಲ್ಲ, ಅದಿಲ್ಲದಿದ್ರೆ ಕ್ಲೀಟಸ್ ತೀರ್ಕೊಂಡ ವರ್ಷ ನಾನು ಆ ಬಸ್ಸು ಹತ್ತುತ್ತಾನೇ ಇರ್ಲಿಲ್ಲ."

ಆರ್ಗನ್ನಿನ ಮೈಕು ತೆರೆದೇ ಇತ್ತು. ಮಾತು ಹಿಂದಿನ ಸಾಲಿನವರೆಗೂ ಕೇಳಿಸಿತು. ಆಮೇಲೆ ಡೀಕನ್ ರೂಫಸ್ ಎದ್ದು ನಿಂತು, "ಸಿಸ್ಟರ್ ವರ್ಲೀನ್ ಮಾತಾಡಿದ್ಲು. ಆಮೆನ್," ಎಂದ. ಚರ್ಚಿಗೆ ಚರ್ಚೇ ಆಮೆನ್ ಎಂದಿತು.

ಜನವರಿಯಲ್ಲಿ ಹುಬ್ಬುಗಳು ಕೆಲಸಕ್ಕೆ ಮರಳಿದವು, ಗೆರೆಗಳೂ ಹಿಂದೆಯೇ ಬಂದವು. ಕನ್ನಡಿಯಲ್ಲಿ ಕಂಡ ಆ ನುಣ್ಣನೆಯ ಮುಖದ ಆಸೆ ಬಿಡದೆ ವರ್ಲೀನ್ ಮತ್ತೆ ಲೂಪೆಯ ಹತ್ತಿರ ಹೋಗುವಾಗ ಇಮಾನಿಯೂ ಜೊತೆಗೆ ಹೊರಟಳು. ಈ ಸಲ ಮುಚ್ಚುಮರೆ ಇರಲಿಲ್ಲ. ಕುರ್ಚಿಯ ಮೇಲೆ ಕೂತು ಗಾಳಿಯಲ್ಲೇ ಆರ್ಗನ್ ನುಡಿಸಿ, ಎಡ ಬಲ ಎಲ್ಲ ಮಾಡಿ ತೋರಿಸಿದಳು. ಬಸ್ಸಿನಲ್ಲಿ ಕಾಗದದ ಉಂಡೆ ಎಸೆಯುವವರಿಗೆ ಬೇಕಾದ ನೋಟವನ್ನೂ ತೋರಿಸಿದಳು. ಲೂಪೆ ಎಲ್ಲೆಲ್ಲಿ ಎಷ್ಟು ಜೋರಿದೆ ಎಂದು ಬೆರಳಿಟ್ಟು ನೋಡಿ, ಬಿಳಿ ಪೆನ್ಸಿಲ್ಲಿನಿಂದ ಗುರುತು ಹಾಕಿದಳು.

"ಹಣೆ ಮುಟ್ಟೋದೇ ಬೇಡ, ಹುಬ್ಬು ಎತ್ತೋ ಕೆಲಸ ಅದರದ್ದು. ಈ ನಡುವಿನ ಗಂಟು ಒಂದೇ. ಇದನ್ನ ಪೂರ್ತಿ ಅಳಿಸಲಾ?"

ವರ್ಲೀನ್ ಬಾಯಿ ತೆರೆಯುವ ಮುಂಚೆ ಮೂಲೆಯ ಕುರ್ಚಿಯಿಂದ ಇಮಾನಿ ಎದ್ದು ಬಂದಳು. "ಪೂರ್ತಿ ಬೇಡ. ಸ್ವಲ್ಪ ಬಿಡಿ. ಅದು ನನ್ನದು."

ಲೂಪೆ ನಗುತ್ತ ಸೂಜಿಯಲ್ಲಿ ಔಷಧಿಯನ್ನು ಅರ್ಧಕ್ಕಿಳಿಸಿದಳು. ವರ್ಲೀನ್ ಮುಖ ಅಲುಗಿಸಬಾರದೆಂದು ಹಲ್ಲು ಕಚ್ಚಿ ಕೂತಳು, ಆದರೆ ಹುಬ್ಬುಗಳು ಆಗಲೇ ಒಂದರ ಹತ್ತಿರ ಒಂದು ಬಂದುಬಿಟ್ಟಿದ್ದವು.