ಕ್ಷೌರದ ಲಿಯಾಮ್ ತಂದ ಜಡೆ

ಕ್ಷೌರದ ಲಿಯಾಮ್ ಬರುತ್ತಿದ್ದಾನೆ ಎಂದರೆ ಚೀನಾದ ಅಮೋಯ್ ಬಂದರಿನ ಸುತ್ತಲ ಹಳ್ಳಿಗಳಲ್ಲಿ ಹೆಂಗಸರ ಎದೆ ಧಸಕ್ಕೆನ್ನುತ್ತಿತ್ತು. ಪಾಪ, ಅವನದೇನು ತಪ್ಪು? ಕೂಲಿಗಳನ್ನು ತುಂಬಿಕೊಂಡು ಮಲಯದ ಪೆನಾಂಗಿಗೆ ಹೋಗುವ ಹಡಗಿನಲ್ಲಿ ಮುಂದಲೆ ಬೋಳಿಸುವುದು ಅವನ ಕಸುಬು; ಅಲ್ಲಿನ ಗಂಡಸರೆಲ್ಲ ಹಿಂದಲೆಗೆ ಉದ್ದ ಜಡೆ ಬಿಡುತ್ತಿದ್ದ ಕಾಲ ಅದು. ತಳದ ಉಗ್ರಾಣದಲ್ಲಿ ಉಸಿರುಗಟ್ಟಿ ಸತ್ತವರನ್ನು ಕಪ್ತಾನ ಕಡಲಿಗೆ ಎಸೆಸುತ್ತಿದ್ದ. ಅದಕ್ಕೆ ಮುಂಚೆ ಲಿಯಾಮ್ ಅವರ ಜಡೆಯನ್ನು ಬುಡಮಟ್ಟ ಕತ್ತರಿಸಿ, ಬಿಳಿ ದಾರ ಸುತ್ತಿ ಎತ್ತಿಡುತ್ತಿದ್ದ. ಮಣ್ಣು ಮಾಡಲು ಮನೆಯವರಿಗೆ ಅಷ್ಟಾದರೂ ಬೇಡವೇ? ಹನ್ನೆರಡು ವರ್ಷ ಹಾಗೆ ಮನೆಮನೆಗೆ ತಲುಪಿಸಿದ. ಸತ್ತವರ ವಿಷಯದಲ್ಲಿ ಒಮ್ಮೆಯೂ ಸುಳ್ಳಾಡಿದವನಲ್ಲ.

ಆ ಸಲ, ಪೆನಾಂಗಿನ ಗುಡ್ಡ ಕಂಡ ಬೆಳಿಗ್ಗೆ, ಬೆಂಗ್ ಎಂಬ ಯುವಕ ಬಂದು ಅವನೆದುರು ಕುಕ್ಕರಿಸಿದ. ಮೂರು ತಿಂಗಳ ಕೆಲಸವೆಂದು ನಂಬಿಸಿ ಎಂಟು ವರ್ಷದ ಕಾಗದಕ್ಕೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು, ಹಾಳಾದವರು.

"ಅಣ್ಣಾ, ನನ್ನ ಜಡೆನೂ ಕತ್ತರಿಸು. ಸತ್ತೋದ ಅಂತ ಮನೆಗೆ ಕೊಡು."

"ಥೂ, ಬಿಡ್ತು ಅನ್ನು! ಬದುಕಿರೋನ ತಿಥಿ ಮಾಡಿಸ್ತೀಯೇನೋ?"

"ತವರದ ಗಣಿಗೆ ಹೋದೋರು ಎಷ್ಟು ಜನ ವಾಪಸ್ ಬಂದಿದಾರೆ, ನೀನೇ ಹೇಳು. ನನ್ನ ಹೆಂಡ್ತಿಗಿನ್ನೂ ಹತ್ತೊಂಬತ್ತು. ಇದ್ದೀನಿ ಅಂತ ಗೊತ್ತಾದ್ರೆ ಕಾಯ್ತಾನೇ ಕೂರ್ತಾಳೆ. ಬೇರೆ ಮನೆ ಸೇರ್ಲಿ ಅಣ್ಣಾ."

ಲಿಯಾಮ್ ಕತ್ತಿ ತೆಗೆದ. ಜಡೆ ಕತ್ತರಿಸಿ ಎಂದಿನಂತೆ ಬಿಳಿ ದಾರ ಸುತ್ತಿದ.

ಲಿಯಾಮ್ ಊರಿಗೆ ಮರಳಿದಾಗ ಬೆಂಗನ ತಾಯಿ ಅಂಗಳದಲ್ಲಿ ಗೆಣಸು ಹೆಚ್ಚುತ್ತಿದ್ದಳು. ಅವನ ಕೈಯಲ್ಲಿ ಬಿಳಿ ದಾರ ಸುತ್ತಿದ ಜಡೆ ಕಂಡು ಅವಳ ಚಾಕು ಕೈಜಾರಿತು. ಜಡೆಯನ್ನು ಮಡಿಲಿಗೆ ಹಾಕಿಕೊಂಡು ತುದಿಯಿಂದ ಮೇಲಕ್ಕೆ ಸವರಿದಳು. ಮಗ ಹೊರಟ ದಿನವೂ ಅದನ್ನು ಹೆಣೆದವಳು ಅವಳೇ. ಗೇಣು ಹಾಕಿ ಅಳೆದಳು. ಮತ್ತೊಮ್ಮೆ ಅಳೆದಳು. ಒಂದು ಗೇಣು ಕಮ್ಮಿ.

"ಸತ್ತೋನ ತಲೇಲಿ ಗೇಣುದ್ದ ಕೂದಲು ಯಾಕಪ್ಪಾ ಬಿಟ್ಟೆ?" ಎಂದಳು, ತಗ್ಗಿದ ದನಿಯಲ್ಲಿ.

ಬದುಕಿರುವವನ ಜಡೆಯನ್ನು ಬುಡಕ್ಕೇ ಕತ್ತರಿಸಲು ಲಿಯಾಮನ ಕೈ ಒಪ್ಪಿರಲಿಲ್ಲ.

"ಸತ್ತೋದ ಅಂತ ಹೇಳು ಅಂದಿದ್ದು ಅವನೇ ಕಣಮ್ಮಾ... ನಿನ್ನ ಸೊಸೆ ಬೇರೆ ಮನೆ ಸೇರ್ಲಿ ಅಂತ."

ಮುದುಕಿ ಒಳಗೆ ನೋಡಿದಳು. ಸೊಸೆ ಒಲೆ ಊದುತ್ತಿದ್ದಳು. ಆ ಮನೆಯಲ್ಲಿ ಮುದುಕಿಗೆ ಆಸರೆಯೆಂದು ಇದ್ದವಳು ಅವಳೊಬ್ಬಳೇ. ನಿಜ ಹೇಳಿದರೆ ಉಳಿಯುತ್ತಾಳೆ, ಸುಳ್ಳು ಹೇಳಿದರೆ ಹೋಗುತ್ತಾಳೆ.

"ಅಯ್ಯೋ, ನನ್ನ ಮಗ ಹೋದನಲ್ಲೇ!" ಮುದುಕಿ ಊರಿಗೆಲ್ಲ ಕೇಳುವಂತೆ ಎದೆ ಬಡಿದುಕೊಂಡಳು. ಸೊಸೆ ಓಡಿಬಂದು ಕುಸಿದಳು.

ಲಿಯಾಮ್ ಹೊರಟಾಗ ಬೇಲಿಯವರೆಗೆ ಬಂದ ಮುದುಕಿ ಅವನ ಅಂಗೈಗೆ ಕೆಂಪು ದಾರದ ಉಂಡೆಯೊಂದನ್ನು ತುರುಕಿದಳು.

"ಅವನ ಕೂದಲು ಬೆಳೆದ ಮೇಲೆ ಇದನ್ನ ಕಟ್ಕೊಳ್ಳೋಕೆ ಹೇಳು."