ಗೆರೆ ಮೇಷ್ಟ್ರ ತೆಳ್ಳನೆಯ ಅಕ್ಷರ

ನನ್ನ ದೊಡ್ಡಪ್ಪನ ಕೆಲಸ ಅಕ್ಷರ ಬರೆಯುವುದು. ಕಥೆಯಲ್ಲ, ಲೇಖನವಲ್ಲ, ಪುಸ್ತಕದ ಅಚ್ಚಿಗೆ ಬೇಕಾದ ಅಕ್ಷರಗಳ ರೂಪವನ್ನು ಒಂದೊಂದಾಗಿ ಕಾಗದದ ಮೇಲೆ ರಚಿಸುವುದು. ಪ್ರೆಸ್ಸಿನಲ್ಲಿ ಅವರು 'ಗೆರೆ ಮೇಷ್ಟ್ರು'. ಯೌವನದಲ್ಲಿ ಅವರೊಂದು ಸೆರಿಫ್ ಅಕ್ಷರಮಾದರಿ ಮಾಡಿದ್ದರು: ಗೆರೆಗಳ ತುದಿಗೆ ಪುಟ್ಟ ಪಾದ, ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೂದಲೆಳೆಯಷ್ಟು ತೆಳು. ಆ ಪ್ರೆಸ್ಸಿನ ಪುಸ್ತಕಗಳೆಲ್ಲ ಅದರಲ್ಲೇ ಬಂದವು.

ಸೀಸದ ಅಚ್ಚುಮೊಳೆಗಳ ಹಳೆಯ ಯಂತ್ರ ಗುಜರಿಗೆ ಹೋಗಿ ಆಫ್‌ಸೆಟ್ ಯಂತ್ರ ಬಂತು. ಅಕ್ಷರಗಳನ್ನು ಕಂಪ್ಯೂಟರಿಗೆ ಏರಿಸಲು ದೊಡ್ಡಪ್ಪ ತಮ್ಮ ಮೂಲಚಿತ್ರಗಳನ್ನೇ ಕೊಟ್ಟರು. ಒಂದೆಳೆಯೂ ಆಚೀಚೆ ಆಗಕೂಡದೆಂದು ತಾಕೀತು ಬೇರೆ.

ಮಾದರಿ ಹಾಳೆಯನ್ನು ಪ್ರೆಸ್ಸಿನ ಯಜಮಾನಿಯೇ ಮನೆಗೆ ತಂದರು. ಆ ಪ್ರೆಸ್ಸಿನ ಒಂದು ಪುಸ್ತಕವನ್ನೂ ಓದದೆ ಬಿಡದ ದೊಡ್ಡಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದೇನ್ರೀ, ನಿಮ್ಮ ಅಕ್ಷರಕ್ಕೆ ಜ್ವರ ಬಂದಿತ್ತಾ? ಹೀಗೆ ಸೊರಗಿದೆ!"

"ಮೊದ್ಲು ಕನ್ನಡಕ ಒರೆಸ್ಕೋ."

"ಒರೆಸಿದ್ದೂ ಆಯ್ತು. ನಾಲ್ಕು ಸಾಲಿಗೇ ಕಣ್ಣು ಉರೀತಿದೆ."

ಯಜಮಾನಿ ಮೆಲ್ಲಗೆ ಹೇಳಿದರು: "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ತಿಂಗಳ ಕೊನೆಯೊಳಗೆ ಸರಿಹೋಗ್ದಿದ್ರೆ ಪೇಟೇಲಿ ಸಿಗೋ ಬೇರೆ ಅಕ್ಷರ ಹಾಕ್ತೀನಿ. ನಿಮ್ಮದು ಅಲ್ಲಿಗೆ ನಿಲ್ಲುತ್ತೆ."

ಅವರು ಹೋದ ಮೇಲೆ ದೊಡ್ಡಪ್ಪ ಹಳೆಯ ಪುಸ್ತಕವೊಂದನ್ನು ತೆಗೆದು, ಮೂಲಚಿತ್ರದ ಪಕ್ಕದಲ್ಲಿಟ್ಟು ಭೂತಗನ್ನಡಿ ಹಿಡಿದರು. ನನ್ನನ್ನೂ ಕರೆದರು. ಹಳೆಯ ಯಂತ್ರದಲ್ಲಿ ಮೊಳೆ ಕಾಗದವನ್ನು ಒತ್ತುತ್ತಿತ್ತು. ಶಾಯಿ ಅಂಚಿನಾಚೆ ಹರಡಿ ಗೆರೆ ದಪ್ಪವಾಗುತ್ತಿತ್ತು. ಹರಡುತ್ತದೆಂದು ಗೊತ್ತಿದ್ದರಿಂದಲೇ ಅವರು ಬೇಕೆಂದೇ ತೆಳ್ಳಗೆ ಬರೆದಿದ್ದರು. ಕೈಗೆ ಹತ್ತಿದ ಅಭ್ಯಾಸಕ್ಕೆ ಕಾರಣವೇನೆಂಬುದು ತಲೆಯಿಂದ ಜಾರಿಹೋಗಿತ್ತು. ಹೊಸ ಯಂತ್ರವೋ, ಕೊಟ್ಟಷ್ಟನ್ನೇ ಅಚ್ಚು ಹಾಕಿತ್ತು.

"ಅಚ್ಚಾದ ಅಕ್ಷರ ನೋಡ್ಕೊಂಡು ಮತ್ತೆ ಬರೆದ್ರಾಯ್ತಲ್ಲ ದೊಡ್ಡಪ್ಪ?"

"ಅದು ನಾನು ಬರೆದಿದ್ದಲ್ಲ ಮಗಳೇ. ಅರ್ಧ ಆ ಯಂತ್ರದ್ದು."

"ಜನ ಇಷ್ಟು ವರ್ಷ ಓದಿದ್ದು ಅದನ್ನೇ ತಾನೇ?"

ದೊಡ್ಡಪ್ಪ ಎರಡು ದಿನ ಮೇಜಿನ ಹತ್ತಿರವೂ ಸುಳಿಯಲಿಲ್ಲ. ಆಮೇಲೆ ಹಳೆಯ ಪುಟಗಳ ದೊಡ್ಡ ಪ್ರತಿ ತೆಗೆಸಿ, ಮೇಲೆ ತೆಳುಹಾಳೆ ಹಾಸಿ, ಉಬ್ಬಿದ ಅಂಚಿನ ಗುಂಟ ಪೆನ್ಸಿಲ್ ಓಡಿಸತೊಡಗಿದರು. ಶಾಯಿಯ ಗಲೀಜು ಎಂದು ತಾವೇ ಬೈಯುತ್ತಿದ್ದ ಪಾದಗಳ ದುಂಡುತನವನ್ನೂ ಹಾಗೆಯೇ ಉಳಿಸಿದರು.

ತಿಂಗಳು ಮುಗಿಯುವ ಮೊದಲು ಹೊಸ ಮಾದರಿ ಬಂತು, ಒಂದು ಕಾದಂಬರಿಯ ಮೊದಲ ಅಧ್ಯಾಯ. ದೊಡ್ಡಮ್ಮ ಓದುತ್ತಾ ಕುಳಿತರು. ದೊಡ್ಡಪ್ಪ ಬಾಗಿಲಲ್ಲೇ ನಿಂತಿದ್ದರು.

"ಹೇಗಿದೆಯೇ ಅಕ್ಷರ?"

"ಸುಮ್ನಿರ್ರೀ, ಕತೇಲಿ ಅವಳೀಗ ಮನೆ ಬಿಟ್ಟು ಹೊರಟಿದ್ದಾಳೆ," ಎಂದು ದೊಡ್ಡಮ್ಮ ತಲೆಯೆತ್ತದೆ ಹಾಳೆ ಮಗುಚಿದರು.

ದೊಡ್ಡಪ್ಪ ಪ್ರೆಸ್ಸಿಗೆ ಫೋನ್ ಮಾಡಿದರು. ಯಜಮಾನಿಯ ದನಿ ನನಗೂ ಕೇಳಿಸಿತು: "ಅಮ್ಮಾವ್ರು ಏನಂದ್ರು?"

"ಅಕ್ಷರದ ಬಗ್ಗೆ ಏನೂ ಅನ್ಲಿಲ್ಲ. ಓದ್ತಾನೇ ಇದ್ದಾಳೆ."

"ಹಾಗಾದ್ರೆ ನಾಳೇನೇ ಅಚ್ಚಿಗೆ ಹಾಕ್ತೀನಿ ಮೇಷ್ಟ್ರೇ."